ಇಂಜಿನಿಯರಿಂಗ್ ವಿದ್ಯಾರ್ಥಿಯೂ ಮುಂದಾಳುತನವೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮಾತೇಕೆ ಎಂದು ವಾಚಕ ಮಿತ್ರರು ಹುಬ್ಬೇರಿಸಬಹುದು. ಕಾರಣ ಸರಳವಾದುದು. ನಮ್ಮಲ್ಲಿ ಬಹುಮಂದಿಯ ಮನೆಗಳಲ್ಲಿ ಅಣ್ಣನೋ ತಂಗಿಯೋ ಚಿಕ್ಕಪ್ಪನ ಮಗನೋ ಇಂಜಿನಿಯರಿಂಗ್ ವ್ಯಾಸಂಗದಲ್ಲಿರುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವರ ಬಾಯಿಂದ ಹೊರಡುವ ದೂರು ಗಣಿತವನ್ನು ಕುರಿತದ್ದಲ್ಲ, ಯಂತ್ರಗಳನ್ನು ಕುರಿತದ್ದೂ ಅಲ್ಲ. "ನಮ್ಮ ಪ್ರಾಜೆಕ್ಟಿನಲ್ಲಿ ನಾಲ್ಕು ಜನ; ಕೆಲಸ ಮಾಡುವವನು ಮಾತ್ರ ನಾನೊಬ್ಬನೇ" ಎಂಬುದೇ ಎಲ್ಲರ ಗೋಳು. ಆ ನಾಲ್ವರನ್ನೂ ಬೇರೆಬೇರೆಯಾಗಿ ವಿಚಾರಿಸಿದರೆ ನಾಲ್ವರೂ ಇದೇ ಮಾತನ್ನು ಆಡುವರೆಂಬುದು ಬೇರೆ ಸಂಗತಿ!

ಈ ಗೋಳಿನ ಹಿಂದೆ ಒಂದು ನಿಜವಾದ ಸಮಸ್ಯೆ ಅಡಗಿದೆ. ಯಂತ್ರಶಾಸ್ತ್ರವನ್ನು ಪುಸ್ತಕದಿಂದ ಕಲಿಯಬಹುದು. ನಾಲ್ಕು ಮಂದಿಯನ್ನು ಕೂಡಿಸಿಕೊಂಡು, ಇಷ್ಟು ಹಣದಲ್ಲಿ, ಇಷ್ಟು ದಿನದಲ್ಲಿ ಒಂದು ಕೆಲಸವನ್ನು ಮುಗಿಸುವುದನ್ನು ಎಲ್ಲಿ ಕಲಿಯಬೇಕು? ಇಂಜಿನಿಯರನ ಕಸುಬು ಒಬ್ಬನಿಂದ ಆಗುವ ಕಸುಬಲ್ಲ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ವಿಷಯವನ್ನು ನೆನೆದರೆ ನಮಗೆ ವಿಶ್ವೇಶ್ವರಯ್ಯನವರ ಹೆಸರು ನೆನಪಿಗೆ ಬರುತ್ತದೆ. ಆದರೆ ನಕ್ಷೆ ಬರೆದ ಮಾತ್ರಕ್ಕೆ ಅಣೆಕಟ್ಟು ಏಳಲಿಲ್ಲ. ಸಿಮೆಂಟಿನ ಬದಲು ಸುರ್ಕಿ ಗಾರೆಯನ್ನು ಒದಗಿಸುವುದು, ಸಾವಿರಾರು ಕೂಲಿಗಳ ವಸತಿ ಊಟಗಳನ್ನು ನೋಡುವುದು, ಮಳೆಗಾಲಕ್ಕೆ ಮುಂಚೆ ಯಾವ ಭಾಗ ಎಷ್ಟು ಎತ್ತರಕ್ಕೆ ಏಳಬೇಕೆಂದು ಲೆಕ್ಕ ಹಾಕುವುದು, ಹಣ ಮಂಜೂರು ಮಾಡುವವರಿಗೆ ವಿಷಯವನ್ನು ಮನಗಾಣಿಸುವುದು, ಇವೆಲ್ಲ ನಕ್ಷೆಯಷ್ಟೇ ಮುಖ್ಯವಾದ ಕೆಲಸಗಳಾಗಿದ್ದವು. ಬೆಂಗಳೂರಿನಲ್ಲಿ ೧೯೧೭ರಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದವರೂ ಅವರೇ.

ಈಗಿನ ಪಠ್ಯಕ್ರಮವು ಈ ವಿಷಯವನ್ನು ಮರೆತಿದೆಯೆಂದು ಹೇಳಲಾಗದು. ವಿವಿಧ ದೇಶಗಳ ಇಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದಲ್ಲಿ ಭಾರತವು ೨೦೧೪ರಲ್ಲಿ ಪೂರ್ಣ ಸದಸ್ಯತ್ವ ಪಡೆಯಿತು. ಪದವೀಧರನಿಗೆ ಬರಬೇಕಾದ ಗುಣಗಳೆಂದು ಅದರಡಿ ಹೇಳಿರುವವುಗಳಲ್ಲಿ ತಂಡದಲ್ಲಿ ದುಡಿಯುವ ಶಕ್ತಿ, ಯೋಜನೆಯ ಹಾಗೂ ಹಣಕಾಸಿನ ನಿರ್ವಹಣೆ ಎಂಬುವೂ ಇವೆ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿದ್ಧವಾಗಿಯೇ ಮಾರುವ ಅಂಗಡಿಗಳು ದೊಡ್ಡ ಪಟ್ಟಣಗಳಲ್ಲಿ ಇವೆಯೆಂಬುದು ಗುಟ್ಟಿನ ವಿಷಯವಲ್ಲ. ಹಣ ಕೊಟ್ಟು ಸಿದ್ಧ ಯಂತ್ರವನ್ನು ತಂದು, ವರದಿಗೆ ರಟ್ಟು ಹಾಕಿಸಿದವನು ಅಂಕಗಳನ್ನೇನೋ ಪಡೆದಾನು. ನಾಲ್ವರೊಡನೆ ಜಗಳವಾಡಿ, ರಾಜಿಯಾಗಿ, ಒಂದು ಕೆಲಸವನ್ನು ದಡ ಮುಟ್ಟಿಸುವ ಅವಕಾಶ ಮಾತ್ರ ಅವನ ಕೈ ತಪ್ಪಿತು. ಮುಂದೆ ಸೇತುವೆಯೋ ಕಾರ್ಖಾನೆಯೋ ಅವನ ವಶಕ್ಕೆ ಬಂದಾಗ ಅದರ ಬೆಲೆ ತೆರುವವರು ಸಾರ್ವಜನಿಕರು.

ಹಾಗಾದರೆ ಈ ವಿದ್ಯೆ ಎಲ್ಲಿ ಸಿಗುತ್ತದೆ? ವಿದ್ಯಾರ್ಥಿಗಳೇ ಸೇರಿ ನಿಜವಾದ ವಸ್ತುವೊಂದನ್ನು ಕಟ್ಟುವ ಸ್ಪರ್ಧೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಒಂದು ನಿದರ್ಶನವನ್ನು ಸ್ವಲ್ಪ ವಿವರವಾಗಿ ನೋಡೋಣ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ೧೯೮೧ರಲ್ಲಿ 'ಫಾರ್ಮುಲಾ ಎಸ್.ಎ.ಇ.' ಎಂಬ ಸ್ಪರ್ಧೆ ಆರಂಭವಾಯಿತು. ಕಾಲೇಜು ವಿದ್ಯಾರ್ಥಿಗಳು ಒಂದು ಸಣ್ಣ ಓಟದ ಕಾರನ್ನು ತಾವೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ತಾವೇ ಓಡಿಸಬೇಕು. ನಮ್ಮ ದೇಶದಲ್ಲಿ ಇದೇ ಬಗೆಯ, ಆದರೆ ಕಲ್ಲುಮಣ್ಣಿನ ದಾರಿಯಲ್ಲಿ ಓಡುವ ಗಾಡಿಯ 'ಬಾಹಾ' ಸ್ಪರ್ಧೆಯು ೨೦೦೭ರಲ್ಲಿ ಇಂದೋರಿನ ಬಳಿಯ ಪೀಥಂಪುರದಲ್ಲಿ ಮೊದಲಾಯಿತು. ಕೇಳಿದೊಡನೆ ವೇಗವಾಗಿ ಓಡಿದವನು ಗೆಲ್ಲುವನೆಂದು ತೋರುತ್ತದೆ. ನಿಜ ಹಾಗಿಲ್ಲ. ಫಾರ್ಮುಲಾ ಸ್ಪರ್ಧೆಯ ಒಟ್ಟು ಅಂಕಗಳು ೧೦೦೦. ಅದರಲ್ಲಿ ೩೨೫ ಅಂಕಗಳು ಕಾರು ಒಂದಂಗುಲವೂ ಚಲಿಸದೆ ನಿರ್ಣಯವಾಗುತ್ತವೆ. ವಿನ್ಯಾಸವನ್ನು ತೀರ್ಪುಗಾರರ ಮುಂದೆ ಸಮರ್ಥಿಸಿಕೊಳ್ಳುವುದಕ್ಕೆ ೧೫೦. ಪ್ರತಿಯೊಂದು ಮೊಳೆ ನಟ್ಟುಗಳ ಖರ್ಚಿನ ಲೆಕ್ಕ ಒಪ್ಪಿಸುವುದಕ್ಕೆ ೧೦೦. ಈ ಕಾರನ್ನು ತಯಾರಿಸಿ ಮಾರಲು ಬಂಡವಾಳ ಹಾಕಿರೆಂದು ಧನಿಕರನ್ನು ಒಪ್ಪಿಸುವಂತೆ ಮಾತಾಡುವುದಕ್ಕೆ ೭೫. ಉಳಿದ ೬೭೫ರಲ್ಲಿ ಅತಿ ದೊಡ್ಡ ಪಾಲು, ಎಂದರೆ ೨೭೫, ಸುಮಾರು ೨೨ ಕಿಲೋಮೀಟರುಗಳ ಸಹನ ಪರೀಕ್ಷೆಗೆ ಮೀಸಲು. ಶುದ್ಧ ವೇಗೋತ್ಕರ್ಷದ ಪರೀಕ್ಷೆಗೆ ಸಿಗುವುದು ೧೦೦ ಮಾತ್ರ.

ಇದಕ್ಕೂ ಮೊದಲು ಸುರಕ್ಷತೆಯ ತಪಾಸಣೆಯಿದೆ. ಕಾರನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ ೬೦ ಡಿಗ್ರಿಯಷ್ಟು ಓರೆ ಮಾಡಿದರೂ ಅದು ಮಗುಚಬಾರದು. ಬ್ರೇಕನ್ನು ಒತ್ತಿದಾಗ ನಾಲ್ಕು ಚಕ್ರಗಳೂ ಬಿಗಿಯಾಗಿ ನಿಲ್ಲಬೇಕು. ಇಲ್ಲವಾದರೆ ಒಂದು ವರ್ಷದ ದುಡಿಮೆ ಓಟದ ದಾರಿಯ ಬಾಗಿಲಲ್ಲೇ ನಿಂತುಹೋಯಿತು. ಸಹನ ಪರೀಕ್ಷೆಯಲ್ಲಿ ಎಷ್ಟೋ ಕಾರುಗಳು ಮಧ್ಯದಲ್ಲೇ ನಿಲ್ಲುವುದುಂಟು. ಬಹುಪಾಲು ವಿನ್ಯಾಸವು ಕೆಟ್ಟದ್ದೆಂದಲ್ಲ; ಕೊನೆಯ ವಾರದವರೆಗೂ ಕಟ್ಟುತ್ತಲೇ ಇದ್ದು, ಓಡಿಸಿ ನೋಡಲು ದಿನಗಳೇ ಉಳಿದಿರುವುದಿಲ್ಲ. ಬುದ್ಧಿವಂತ ವಿದ್ಯಾರ್ಥಿಗೆ ತನ್ನ ವಿನ್ಯಾಸವನ್ನು ಇನ್ನಷ್ಟು ತಿದ್ದುವ ಚಪಲ. ಇವತ್ತು ಒಂದು ಕೊಳವೆಯನ್ನು ತೆಳುಮಾಡುತ್ತಾನೆ, ನಾಳೆ ಒಂದು ತೂತನ್ನು ಸ್ಥಳಾಂತರಿಸುತ್ತಾನೆ. ಆ ತೂತಿಗೆ ಹೊಂದಬೇಕಾದ ಭಾಗವನ್ನು ಇನ್ನೊಬ್ಬನು ಆಗಲೇ ಕೊರೆಸಿ ತಂದಿರುತ್ತಾನೆ! ಆದುದರಿಂದ ಇಂಥ ದಿನದಿಂದಾಚೆ ವಿನ್ಯಾಸದಲ್ಲಿ ಬದಲಾವಣೆಯಿಲ್ಲವೆಂದು ಗೆರೆ ಎಳೆಯುವುದು ಮುಂದಾಳುವಿನ ಮೊದಲನೆಯ ಕಷ್ಟದ ಕೆಲಸ. ಹಾಗೆ ಗೆರೆ ಎಳೆದವನು ಆ ವಾರ ಹಾಸ್ಟೆಲಿನಲ್ಲಿ ಜನಪ್ರಿಯನಾಗಿರುವುದಿಲ್ಲ.

ಇನ್ನು ಕಾಲದ ಲೆಕ್ಕ. ಕೆಲಸಗಳನ್ನು ಒಂದರ ಕೆಳಗೊಂದು ಬರೆದು, ದಿನಗಳನ್ನು ಅಡ್ಡಕ್ಕೆ ಗುರುತಿಸಿ, ಪ್ರತಿ ಕೆಲಸಕ್ಕೂ ಒಂದು ಪಟ್ಟಿಯನ್ನು ಎಳೆಯುವ ಪದ್ಧತಿಗೆ ಅಮೆರಿಕದ ಹೆನ್ರಿ ಗ್ಯಾಂಟ್ ಎಂಬ ಇಂಜಿನಿಯರನ ಹೆಸರು ಅಂಟಿಕೊಂಡಿದೆ. ೧೯೧೦ರ ದಶಕದಲ್ಲಿ ಅದು ಪ್ರಚಾರಕ್ಕೆ ಬಂದಿತು. ಅದಕ್ಕೂ ಹಿಂದೆ ೧೮೯೬ರಲ್ಲಿಯೇ ಪೋಲೆಂಡಿನ ಕರೋಲ್ ಅಡಮೀಕಿ ಇಂಥದೇ ಚಿತ್ರವನ್ನು ರೂಪಿಸಿದ್ದನು. ಕೀರ್ತಿ ಮಾತ್ರ ಇನ್ನೊಬ್ಬರ ಪಾಲಾಯಿತು. ಈ ಪಟ್ಟಿಯಲ್ಲಿ ಒಂದು ಕೊರತೆ ಉಂಟು. ಯಾವ ಕೆಲಸ ತಡವಾದರೆ ಎಲ್ಲವೂ ತಡವಾಗುತ್ತದೆ, ಯಾವುದು ತಡವಾದರೂ ಚಿಂತೆಯಿಲ್ಲ ಎಂಬುದು ಅದರಿಂದ ಥಟ್ಟನೆ ತಿಳಿಯದು. ೧೯೫೭ರಲ್ಲಿ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್, ರೆಮಿಂಗ್ಟನ್ ರ್ಯಾಂಡಿನ ಜೇಮ್ಸ್ ಕೆಲ್ಲಿ ಎಂಬಿಬ್ಬರು ಇದಕ್ಕೊಂದು ಉಪಾಯ ಕಂಡರು. ಅದನ್ನು 'ಕ್ರಿಟಿಕಲ್ ಪಾತ್' ಎನ್ನುತ್ತಾರೆ. ನಾವು ನಿರ್ಣಾಯಕ ಹಾದಿ ಎನ್ನೋಣ.

ದೂರದ ಕಾರ್ಖಾನೆಯ ಉದಾಹರಣೆ ಬೇಡ. ನಿಮ್ಮ ಕೈಯಲ್ಲಿರುವ ಈ ಸಂಚಿಕೆಯಂಥದನ್ನೇ ತೆಗೆದುಕೊಳ್ಳಿ. ಲೇಖನಗಳ ಸಂಗ್ರಹಕ್ಕೆ ೨೦ ದಿನ, ಆಯ್ಕೆಗೂ ತಿದ್ದುಪಡಿಗೂ ೧೦ ದಿನ, ಅಕ್ಷರ ಜೋಡಣೆಗೆ ೮, ಕರಡು ತಿದ್ದಲು ೬, ಮುದ್ರಣಕ್ಕೆ ೧೦, ಹೊಲಿಗೆ ಮತ್ತು ರಟ್ಟಿಗೆ ೪ ದಿನ ಬೇಕೆಂದು ಇಟ್ಟುಕೊಳ್ಳೋಣ. ಇವು ಒಂದರ ಹಿಂದೊಂದು ನಡೆಯಬೇಕಾದುವು. ಒಟ್ಟು ೫೮ ದಿನ. ಇವುಗಳ ಜೊತೆಗೇ ಬೇರೆ ಕಡೆ ನಡೆಯಬಹುದಾದ ಕೆಲಸಗಳಿವೆ: ಜಾಹೀರಾತು ಸಂಗ್ರಹಕ್ಕೆ ೧೫ ದಿನ, ಮುಖಪುಟದ ಚಿತ್ರಕ್ಕೆ ೭, ಸಂಘಗಳ ಭಾವಚಿತ್ರಗಳಿಗೆ ೫. ಮುದ್ರಣ ತೊಡಗುವುದು ೪೪ ದಿನಗಳು ಕಳೆದ ಮೇಲೆ. ಆದುದರಿಂದ ಜಾಹೀರಾತಿನವರು ೨೯ ದಿನ ಸುಮ್ಮನಿದ್ದರೂ ಸಂಚಿಕೆ ತಡವಾಗದು. ಮುಖಪುಟಕ್ಕೆ ೩೭ ದಿನಗಳ ಬಿಡುವಿದೆ. ಭಾವಚಿತ್ರಗಳಿಗೆ ೩೯ ದಿನ. ಆದರೆ ಲೇಖನ ಕೊಡುವವರು ಒಂದು ದಿನ ತಡಮಾಡಿದರೆ ಸಂಚಿಕೆಯೂ ಒಂದು ದಿನ ತಡ. ನಾವು ಸಾಮಾನ್ಯವಾಗಿ ಜಗಳವಾಡುವುದು ಮುಖಪುಟದ ಬಣ್ಣವನ್ನು ಕುರಿತು. ಲೇಖನದ ಕೊನೆಯ ದಿನಾಂಕವನ್ನು ಮಾತ್ರ "ಇರಲಿ, ಇನ್ನೊಂದು ವಾರ ನೋಡೋಣ" ಎಂದು ಮುಂದಕ್ಕೆ ಹಾಕುತ್ತೇವೆ. ೫೦ ದಿನಗಳಲ್ಲಿ ಸಂಚಿಕೆ ಹೊರಬರಬೇಕಾದರೆ ಇಬ್ಬರು ಛಾಯಾಗ್ರಾಹಕರನ್ನು ಕರೆಸಿ ಪ್ರಯೋಜನವಿಲ್ಲ. ನಿರ್ಣಾಯಕ ಹಾದಿಯ ಮೇಲಿರುವ ಯಾವುದಾದರೊಂದನ್ನೇ ಎಂಟು ದಿನ ಕಡಿಮೆ ಮಾಡಬೇಕು.

ಇಷ್ಟು ದಿನ ಬೇಕೆಂಬ ಅಂದಾಜೇ ತಪ್ಪಾದರೆ? ಮುಂದಿನ ವರ್ಷವೇ, ೧೯೫೮ರಲ್ಲಿ, ಅಮೆರಿಕದ ನೌಕಾದಳವು ಪೊಲಾರಿಸ್ ಕ್ಷಿಪಣಿಯ ಕೆಲಸಕ್ಕಾಗಿ 'ಪರ್ಟ್' ಎಂಬ ಪದ್ಧತಿಯನ್ನು ಏರ್ಪಡಿಸಿತು. ಅಲ್ಲಿ ಒಂದು ಅಂದಾಜಿನ ಬದಲು ಮೂರನ್ನು ಕೇಳುತ್ತಾರೆ. ಎಲ್ಲವೂ ಅನುಕೂಲವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಗ್ರಹಚಾರ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಕ್ರಮವಾಗಿ ೪, ೬, ೧೪ ದಿನಗಳೆಂದರೆ ಲೆಕ್ಕಕ್ಕೆ ಬರುವುದು ೭. ಸೂತ್ರ ದೊಡ್ಡದಲ್ಲ, ಗ್ರಹಚಾರ ಕೆಟ್ಟರೆ ಏನಾಗಬಹುದೆಂದು ಕೆಲಸಕ್ಕೆ ಮುಂಚೆಯೇ ಬಾಯಿಬಿಟ್ಟು ಕೇಳುವುದು ದೊಡ್ಡದು. ಬೆಸುಗೆ ಹಾಕುವವನು ಊರಿಗೆ ಹೋದರೆ? ಬೇಕಾದ ಬೇರಿಂಗು ಅಂಗಡಿಯಲ್ಲಿ ಇಲ್ಲದಿದ್ದರೆ? ಸೆಮಿಸ್ಟರ್ ಪರೀಕ್ಷೆ ಅದೇ ವಾರಕ್ಕೆ ಬಿದ್ದರೆ?

ಕೆಲಸ ತಡವಾದಾಗ ಎಲ್ಲರಿಗೂ ಹೊಳೆಯುವ ಪರಿಹಾರ ಇನ್ನಷ್ಟು ಜನರನ್ನು ಸೇರಿಸುವುದು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯೇ ಇದೆಯಲ್ಲ! ಹುಲ್ಲಿನ ಹೊರೆಗೆ ಈ ಮಾತು ಸರಿ. ಐ.ಬಿ.ಎಂ. ಕಂಪನಿಯಲ್ಲಿ ಬೃಹತ್ ಗಣಕಯೋಜನೆಯೊಂದನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ ೧೯೭೫ರ ತನ್ನ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಅನುಭವವನ್ನು ಬರೆದನು: ತಡವಾದ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ. ಹೊಸಬನಿಗೆ ಕಲಿಸಲು ಹಳಬನ ಸಮಯ ಹೋಗುತ್ತದೆ. ಒಬ್ಬರಿಗೊಬ್ಬರು ತಿಳಿಸಬೇಕಾದ ಮಾತೂ ಬೆಳೆಯುತ್ತದೆ. ಐದು ಜನರಿದ್ದರೆ ಪರಸ್ಪರ ಸಂಬಂಧಗಳು ೧೦, ಹತ್ತು ಜನರಾದರೆ ೪೫, ಇಪ್ಪತ್ತಾದರೆ ೧೯೦. ಆದ ಕಾರಣವೇ ಕಾರು ಕಟ್ಟುವ ತಂಡಗಳು ಚೌಕಟ್ಟಿನವರು, ಎಂಜಿನ್ನಿನವರು, ವಿದ್ಯುತ್ತಿನವರು, ಹಣಕಾಸಿನವರು ಎಂದು ಸಣ್ಣ ಗುಂಪುಗಳಾಗಿ ಒಡೆದು, ಗುಂಪಿಗೊಬ್ಬನು ಮಾತ್ರ ಉಳಿದವರೊಡನೆ ಮಾತಾಡುವಂತೆ ಏರ್ಪಾಡು ಮಾಡಿಕೊಳ್ಳುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಲೆಕ್ಕದ ಮಾತಾಯಿತು. ಇನ್ನು ಮನುಷ್ಯರ ಮಾತು. ಕಾರ್ಖಾನೆಯ ಮ್ಯಾನೇಜರನಿಗೆ ಸಂಬಳ ಬಡ್ತಿಗಳೆಂಬ ಆಯುಧಗಳಿವೆ. ವಿದ್ಯಾರ್ಥಿ ತಂಡದ ಮುಂದಾಳುವಿಗೆ ಏನಿದೆ? ತನ್ನ ಓರಗೆಯವರೇ, ತನ್ನ ಕೋಣೆಯಲ್ಲಿ ಮಲಗುವವರೇ ತಂಡದ ಸದಸ್ಯರು. ನಿನ್ನೆ ಮೆಸ್ಸಿನಲ್ಲಿ ಒಟ್ಟಿಗೆ ಉಂಡವನಿಗೆ ಇವತ್ತು ಆಜ್ಞೆ ಮಾಡಿದರೆ "ನೀನ್ಯಾವ ದೊಡ್ಡ ಮನುಷ್ಯ, ಹೋಗಯ್ಯ" ಎಂದಾನು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು ಎಂದು ಗದರಿಸಿದರೂ ಕೆಲಸವಾಗದು. ಕಾರ್ಯತಃ ಫಲ ಕೊಡುವ ಉಪಾಯಗಳು ಬಹಳ ಸಾಧಾರಣವಾದವು. ಕೆಲಸವನ್ನು ಇಂಥವನೇ ಮಾಡಬೇಕೆಂದು ಒಬ್ಬನ ಹೆಸರಿಗೆ ಬರೆಯುವುದು ("ನಾವೆಲ್ಲ ಸೇರಿ ಮಾಡೋಣ" ಎಂದ ಕೆಲಸ ಯಾರದೂ ಅಲ್ಲ). ಸಭೆಯಲ್ಲಿ ತೀರ್ಮಾನವಾದುದನ್ನು ಅಂದೇ ಬರೆದು ಎಲ್ಲರಿಗೂ ತಲುಪಿಸುವುದು. ಅತಿ ಬೇಸರದ ಕೆಲಸದಲ್ಲಿ, ಎಂದರೆ ಗಾಡಿಯ ಎಣ್ಣೆ ಒರೆಸುವುದರಲ್ಲಿ, ತಾನೂ ಪಾಲುಗೊಳ್ಳುವುದು.

"ಎಷ್ಟಾಯಿತಯ್ಯ?" ಎಂದು ಕೇಳಿದರೆ ಬರುವ ಉತ್ತರ ಯಾವಾಗಲೂ ಒಂದೇ: "ತೊಂಬತ್ತು ಪಾಲು ಆಗಿದೆ." ಮುಂದಿನ ವಾರ ಕೇಳಿದರೂ ಅದೇ ತೊಂಬತ್ತು. ಅನುಭವವುಳ್ಳ ಮುಂದಾಳು ಹೀಗೆ ಕೇಳುವುದಿಲ್ಲ. "ಆದಷ್ಟನ್ನು ತೋರಿಸು, ನೋಡೋಣ" ಎನ್ನುತ್ತಾನೆ. ಚೌಕಟ್ಟನ್ನು ನಿಲ್ಲಿಸಿ ಅಳೆದಾಗ ಪಾಲುಗಳ ಮಾತು ತಾನಾಗಿಯೇ ನಿಲ್ಲುತ್ತದೆ. ಆದರೆ ತೋರಿಸಿದವನ ಕೆಲಸ ಕೆಟ್ಟಿದ್ದರೆ ಎಲ್ಲರ ಮುಂದೆ ಅವನನ್ನು ಹಂಗಿಸಿದ ಮುಂದಾಳುವಿಗೆ ಆ ಮೇಲೆ ನಿಜವನ್ನು ಯಾರೂ ಹೇಳುವುದಿಲ್ಲ.

ಅಹಿತವಾದ ಸತ್ಯವನ್ನು ಕೇಳಿಸಿಕೊಳ್ಳುವ ಈ ಗುಣ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಒಂದು ದುರಂತವೇ ಸಾಕ್ಷಿ. ೧೯೮೬ರ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ವ್ಯೋಮನೌಕೆ ಮೇಲೇರಿದ ಎಪ್ಪತ್ತಮೂರು ಸೆಕೆಂಡುಗಳಲ್ಲಿ ಛಿದ್ರವಾಗಿ ಏಳು ಮಂದಿ ಮಡಿದರು. ರಾಕೆಟ್ಟಿನ ಕೀಲುಗಳಲ್ಲಿದ್ದ ರಬ್ಬರು ಬಳೆಗಳು ಚಳಿಯಲ್ಲಿ ಬಿರುಸಾಗಿ ಸರಿಯಾಗಿ ಮುಚ್ಚಿಕೊಳ್ಳವು, ಹಾರಾಟ ಬೇಡ ಎಂದು ಅದನ್ನು ತಯಾರಿಸಿದ ಕಂಪನಿಯ ಇಂಜಿನಿಯರುಗಳು ಹಿಂದಿನ ರಾತ್ರಿಯೇ ವಾದಿಸಿದ್ದರು. ಮೇಲಿನವರು ಆ ವಾದವನ್ನು ಪಕ್ಕಕ್ಕೆ ಸರಿಸಿದರು. ಅಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೂ ಇರಲಿಲ್ಲ.

ಕನ್ನಡನಾಡಿಗೆ ಸಂಬಂಧಪಟ್ಟ ಒಂದು ಸಾಹಸವನ್ನು ಇಲ್ಲಿ ಹೇಳಲೇಬೇಕು. ಬೆಂಗಳೂರು, ಹೈದರಾಬಾದುಗಳ ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ 'ಸ್ಟಡ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹವನ್ನು ಕಟ್ಟಿದರು. ೨೦೧೦ರ ಜುಲೈ ೧೨ರಂದು ಶ್ರೀಹರಿಕೋಟೆಯಿಂದ ಹೊರಟ ಪಿ.ಎಸ್.ಎಲ್.ವಿ. ವಾಹನವು ಕಾರ್ಟೋಸ್ಯಾಟ್-೨ಬಿ ಮುಂತಾದ ದೊಡ್ಡವುಗಳ ಸಂಗಡ ಅದನ್ನೂ ಕಕ್ಷೆಗೆ ಸೇರಿಸಿತು. ಅದರ ಸಂಕೇತವನ್ನು ಹಿಡಿಯುವ ಭೂಕೇಂದ್ರವನ್ನು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆಯಲ್ಲಿ ಕಟ್ಟಲಾಗಿತ್ತು. ಉಪಗ್ರಹದ ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಒಂದು ಸೇರು ಅಕ್ಕಿಯಷ್ಟೆನ್ನಿ. ಕ್ಯಾಮರಾದವರಿಗೆ ಇನ್ನು ಇಪ್ಪತ್ತು ಗ್ರಾಂ ಬೇಕು, ಬ್ಯಾಟರಿಯವರಿಗೆ ಮೂವತ್ತು ಬೇಕು, ಚೌಕಟ್ಟಿನವರು ಒಂದನ್ನೂ ಬಿಟ್ಟುಕೊಡರು. ಇಂಥ ಕೆಲಸದಲ್ಲಿ ಪ್ರತಿಯೊಬ್ಬರ ಬೇಡಿಕೆಯೂ ನ್ಯಾಯವಾದುದೇ. ಆದರೂ ಎಲ್ಲವನ್ನೂ ಒಪ್ಪಿದರೆ ಉಪಗ್ರಹ ಹಾರದು. ಗ್ರಾಂಗಳನ್ನು ಹಂಚುವ ಈ ಪಂಚಾಯಿತಿಯನ್ನು ಕೂಡು ಕುಟುಂಬದ ಯಜಮಾನಿಯ ಅಡಿಗೆಮನೆ ಲೆಕ್ಕಕ್ಕೆ ಹೋಲಿಸಬಹುದೆಂದು ತೋರುತ್ತದೆ. ಆಕೆಗೂ ಡಬ್ಬಿಯಲ್ಲಿರುವುದು ಇಷ್ಟೇ ಬೆಲ್ಲ.

ವಿದ್ಯಾರ್ಥಿ ತಂಡಗಳಿಗೆ ಇನ್ನೊಂದು ವಿಚಿತ್ರವಾದ ತೊಡಕಿದೆ. ಕಾರ್ಖಾನೆಗಳಿಗೆ ಅದು ಇಷ್ಟು ತೀವ್ರವಾಗಿಲ್ಲ. ಕೆಲಸ ಬಲ್ಲವರು ವರ್ಷ ವರ್ಷವೂ ಪದವಿ ಪಡೆದು ಹೊರಟುಹೋಗುತ್ತಾರೆ. ಮುಂಬಯಿಯ ಐ.ಐ.ಟಿ. ವಿದ್ಯಾರ್ಥಿಗಳು 'ಪ್ರಥಮ್' ಎಂಬ ಉಪಗ್ರಹದ ಕೆಲಸವನ್ನು ೨೦೦೭ರಲ್ಲಿ ಕೈಗೆತ್ತಿಕೊಂಡರು. ಅದು ಹಾರಿದ್ದು ೨೦೧೬ರ ಸೆಪ್ಟೆಂಬರ್ ೨೬ರಂದು, ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾಲಯದ 'ಪೈಸ್ಯಾಟ್' ಹಾರಿದ ಅದೇ ವಾಹನದಲ್ಲಿ. ನಾಲ್ಕು ವರ್ಷದ ವ್ಯಾಸಂಗ, ಒಂಬತ್ತು ವರ್ಷದ ಕೆಲಸ! ಮೊದಲನೆಯ ತಿರುಪನ್ನು ಬಿಗಿದವರು ಹಾರಾಟದ ದಿನ ಕಾಲೇಜಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ನಡುವೆ ಎಷ್ಟು ಸಲ ಕೈ ಬದಲಾಗಿರಬೇಕು!

ಆದುದರಿಂದ ಒಳ್ಳೆಯ ತಂಡಗಳಲ್ಲಿ ಕೊನೆಯ ವರ್ಷದವನು ಮುಂದಾಳುವಾದರೆ ಅವನ ಬೆನ್ನಿಗೇ ಎರಡನೆಯ ಅಥವಾ ಮೂರನೆಯ ವರ್ಷದವನೊಬ್ಬನನ್ನು ನಿಲ್ಲಿಸಿರುತ್ತಾರೆ. ಹೊರಡುವವನು ಬಿಟ್ಟುಹೋಗುವ ಪುಸ್ತಕದಲ್ಲಿ ನಕ್ಷೆಗಳಿದ್ದರೆ ಸಾಲದು; ನಕ್ಷೆ ಕಾರಿನಲ್ಲೇ ಕಾಣುತ್ತದೆ. ಏಕೆ ಹಾಗೆ ಮಾಡಿದೆವು, ಬೇರೆ ಯಾವ ದಾರಿಗಳನ್ನು ನೋಡಿ ಬಿಟ್ಟೆವು, ಯಾವ ಭಾಗ ಎಷ್ಟು ಸಲ ಮುರಿಯಿತು, ಯಾವ ಲೇತ್ ಅಂಗಡಿಯವರು ಹೇಳಿದ ದಿನಕ್ಕೆ ಕೆಲಸ ಕೊಡುತ್ತಾರೆ, ಯಾವ ಕಚೇರಿಯಲ್ಲಿ ಹಣದ ಬಿಲ್ಲಿಗೆ ಎಷ್ಟು ಸಹಿ ಬೇಕು, ಇವೇ ಹೊಸಬರಿಗೆ ಬೇಕಾದವು. ಇದನ್ನು ಕೊನೆಯ ತಿಂಗಳಲ್ಲಿ ಬರೆಯಲು ಕುಳಿತರೆ ಆಗದು, ಪರೀಕ್ಷೆಯೂ ಉದ್ಯೋಗದ ಸಂದರ್ಶನವೂ ಒಟ್ಟಿಗೆ ಬಂದಿರುತ್ತವೆ. ಹಾಗಾಗಿ ಪ್ರತಿ ಶನಿವಾರ ಅರ್ಧ ಪುಟ ಬರೆಸುವ ಪದ್ಧತಿ ಇಟ್ಟುಕೊಳ್ಳುವುದು ಮೇಲು. ಆ ಅರ್ಧ ಪುಟವನ್ನು ಬರೆಯಲು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಹಳ ಬೇಸರವೆಂದು ಕೇಳಿದ್ದೇನೆ. ನಮ್ಮಲ್ಲಿಯ ಸಾಹಿತ್ಯ ವಿದ್ಯಾರ್ಥಿಗಳಿಗೆ ಆ ಬೇಸರವಿಲ್ಲ. ನಮ್ಮ ನಾಟಕ ಸಂಘದಲ್ಲೂ ಎನ್.ಎಸ್.ಎಸ್. ಶಿಬಿರದಲ್ಲೂ ಇಂಥ ಪುಸ್ತಕವೊಂದು ಇದ್ದರೆ, ಪರದೆಯನ್ನೂ ಪಾತ್ರೆಗಳನ್ನೂ ಎಲ್ಲಿಂದ ಬಾಡಿಗೆಗೆ ತರಬೇಕೆಂದು ಪ್ರತಿ ವರ್ಷ ಹೊಸದಾಗಿ ಊರೆಲ್ಲ ಅಲೆಯಬೇಕಾಗಿಲ್ಲ.